ಸ್ಕ್ರೂ ಬಿಚ್ಚುವವರು ಯಾರು?

ಗೋವಾದ ಫೋಂಡಾದಲ್ಲಿ ಭಾನುವಾರ ಸಂಜೆ ಚಹಾಕ್ಕೆ ಸೇರುವ ನಮ್ಮ ನಾಲ್ವರಲ್ಲಿ ಮರ ಕೊಯ್ಯುವ ಅಗತ್ಯವಿರುವುದು ಭಟ್ಟರೊಬ್ಬರಿಗೆ. ಅದರ ಬಗ್ಗೆ ಅಭಿಪ್ರಾಯವಿರುವುದು ನಾಲ್ವರಿಗೂ. ಭಟ್ಟರು ಶಿರಸಿ ಕಡೆಯವರು. ಪೂಜೆಯ ಜೊತೆಗೆ ಒಂದು ಕುಳಾಗರವನ್ನೂ, ಅಂದರೆ ಅಡಿಕೆ-ತೆಂಗಿನ ತೋಟವನ್ನೂ, ನೋಡಿಕೊಳ್ಳುತ್ತಾರೆ. ಮಳೆಗಾಲ ಬಂತೆಂದರೆ ಅಲ್ಲಿ ಒಂದಲ್ಲ ಒಂದು ಮರ ದಾರಿಗೆ ಅಡ್ಡ ಬೀಳುತ್ತದೆ. ಕೊಯ್ಯುವ ಆಳು ಸರಿಯಾಗಿ ಅದೇ ಹೊತ್ತಿಗೆ ಊರಿಗೆ ಹೋಗಿರುತ್ತಾನೆ.

“ಹುಬ್ಬಳ್ಳಿಯಲ್ಲಿ ಒಂದು ಚೈನ್‌ಸಾ, ಪೆಟ್ರೋಲಿನಲ್ಲಿ ಓಡುವ ಮರ ಕೊಯ್ಯುವ ಯಂತ್ರ, ಸಿಗುತ್ತದೆ,” ಎಂದರು ಭಟ್ಟರು. “ರಿಫರ್ಬಿಶ್ಡ್, ಹಳೆಯದನ್ನು ದುರಸ್ತಿ ಮಾಡಿ ಹೊಸದರಂತೆ ಮಾಡಿದ್ದು. ಹೊಸದರ ಅರ್ಧ ಬೆಲೆ. ಮೇಲೆ ಆರು ತಿಂಗಳ ವಾರಂಟಿ.”

“ಕೊಡುವವರು ಯಾರು?” ಎಂದರು ನಾಯಕರು.

“ಹೇಳಿದೆನಲ್ಲ, ಹುಬ್ಬಳ್ಳಿಯ ಒಬ್ಬ ಅಂಗಡಿಯವನು.”

“ಯಂತ್ರ ಕೊಡುವವನನ್ನು ಕೇಳಲಿಲ್ಲ. ಕೆಟ್ಟಾಗ ಸ್ಕ್ರೂ ಬಿಚ್ಚುವವನು ಯಾರು?”

ನಾಯಕರು ಅಂಕೋಲೆಯವರು, ವಾಸ್ಕೋದಲ್ಲಿ ಹಡಗು ದುರಸ್ತಿಯ ಕೆಲಸ ಮಾಡಿ ನಿವೃತ್ತರಾದವರು. ಎಂಜಿನ್ ಎಂಬ ಮಾತು ಕಿವಿಗೆ ಬಿದ್ದರೆ ಅವರ ಚಹಾ ಆರಿಹೋಗುವುದು ಖಚಿತ. ಇನ್ನು ಬೆಳಗಾವಿಯ ಪಾಟೀಲರು ಎರಡು ಲಾರಿಗಳ ಮಾಲೀಕರು. ಅವರ ಪಾಲಿಗೆ ಜಗತ್ತಿನ ಸಮಸ್ಯೆಗಳೆಲ್ಲವೂ ಸಾಗಣೆಯ ಸಮಸ್ಯೆಗಳೇ.

“ಅದರಲ್ಲೇನಿದೆ? ಯಂತ್ರದ ಮೇಲೆ ಕಂಪನಿಯ ಹೆಸರಿರುತ್ತದೆ. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದರಾಯಿತು,” ಎಂದರು ಪಾಟೀಲರು.

“ಅವರು ಹೆಸರು ನೋಡುವುದಿಲ್ಲ ಪಾಟೀಲರೇ,” ಎಂದರು ನಾಯಕರು. “ಬಿಲ್ಲು ಮತ್ತು ಸೀರಿಯಲ್ ನಂಬರ್ ನೋಡುತ್ತಾರೆ. ಕಂಪನಿಯ ವಾರಂಟಿ ಮೊದಲು ಕೊಂಡವನ ಬಿಲ್ಲಿನ ತಾರೀಖಿನಿಂದಲೇ ಓಡಲು ಶುರುವಾಗಿರುತ್ತದೆ. ಕೈ ಬದಲಾದಾಗ ಅದು ಜೊತೆಗೆ ಬರುವುದೂ ಕಡಿಮೆ. ಅಮೆರಿಕದಲ್ಲಿ ಕೆಲವು ಕಂಪನಿಗಳು ವಾಪಸು ಬಂದ ಯಂತ್ರವನ್ನು ತಾವೇ ದುರಸ್ತಿ ಮಾಡಿಸಿ, ತಮ್ಮದೇ ಮುದ್ರೆ ಒತ್ತಿ, ಕಡಿಮೆ ಅವಧಿಯ ವಾರಂಟಿ ಕೊಟ್ಟು ಮಾರುವುದುಂಟು. ಅಂಥದ್ದಕ್ಕೆ ಅಧಿಕೃತ ಸೆಂಟರಿನ ಬಾಗಿಲು ತೆರೆಯುತ್ತದೆ. ಭಟ್ಟರ ಯಂತ್ರವನ್ನು ಹೊಸದು ಮಾಡಿದ್ದು ಅಂಗಡಿಯ ಹಿಂದಿನ ಕೋಣೆ. ವಾರಂಟಿಯೂ ಆ ಕೋಣೆಯದೇ.”

ಭಟ್ಟರು ಬಿಡಲಿಲ್ಲ. ವಾರಂಟಿ ಕಾರ್ಡಿನ ಚಿತ್ರ ತಮ್ಮ ಮೊಬೈಲಿನಲ್ಲಿದೆ ಎಂದು ನನ್ನ ಮುಂದೆ ಹಿಡಿದರು. ವಿಮಾ ಏಜೆಂಟನಾದ ನನಗೆ ಇಂಥ ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ. ನಿಜವಾದ ಸಮಾಚಾರವನ್ನು ಎಲ್ಲರೂ ಅಡಿಯಲ್ಲೇ ಇಟ್ಟಿರುತ್ತಾರೆ. ಚೈನು, ಅದು ಸುತ್ತುವ ಉದ್ದನೆಯ ಪಟ್ಟಿಯಾದ ಬಾರ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಎಳೆಯುವ ಹಗ್ಗ, ಕ್ಲಚ್ ಇವಕ್ಕೆ ವಾರಂಟಿ ಅನ್ವಯಿಸುವುದಿಲ್ಲ. ಆಯಿಲ್ ಬೆರೆಸದ ಅಥವಾ ಹಳೆಯದಾದ ಪೆಟ್ರೋಲಿನಿಂದ ಎಂಜಿನ್ ಕೆಟ್ಟರೆ ಅನ್ವಯಿಸುವುದಿಲ್ಲ. ಬೇರೆಯವರು ಬಿಚ್ಚಿದ್ದರೆ ಅನ್ವಯಿಸುವುದಿಲ್ಲ.

“ಹಾಗಾದರೆ ಅನ್ವಯಿಸುವುದು ಯಾವುದಕ್ಕೆ?” ಎಂದು ಭಟ್ಟರು ಗಾಬರಿಯಾದರು.

“ಹಿಡಿಕೆಗೆ,” ಎಂದೆ. ಅದು ಕಾರ್ಡಿನಲ್ಲಿರಲಿಲ್ಲ, ಆದರೆ ಹಿಡಿಕೆಗೆ ಅನ್ವಯಿಸುವುದಿಲ್ಲವೆಂದೂ ಬರೆದಿರಲಿಲ್ಲ.

ಈ ಷರತ್ತುಗಳನ್ನು ನಾಯಕರು ತಪ್ಪೆನ್ನಲಿಲ್ಲ. ಹೊಸ ಯಂತ್ರದ ಕಾರ್ಡಿನಲ್ಲೂ ಸವೆಯುವ ಭಾಗಗಳಿಗೆ ವಾರಂಟಿ ಇರುವುದಿಲ್ಲವಂತೆ. ಪೆಟ್ರೋಲಿನ ಷರತ್ತಂತೂ ನ್ಯಾಯವಾದದ್ದೇ ಎಂದರು. ಇದು ಟೂ ಸ್ಟ್ರೋಕ್ ಎಂಜಿನ್. ಒಳಗೆ ಬೇರೆ ಆಯಿಲ್ ಇರುವುದಿಲ್ಲ, ಪೆಟ್ರೋಲಿನ ಜೊತೆ ಹೋಗುವ ಆಯಿಲೇ ಪಿಸ್ಟನ್ನಿಗೆ ಜೀವ. 50ಕ್ಕೆ 1 ಎಂದು ಬರೆದಿದ್ದರೆ ಒಂದು ಲೀಟರಿಗೆ 20 ಮಿಲಿಲೀಟರ್.

“ಕಣ್ಣಂದಾಜಿಗೆ ಹಾಕಿದರೆ ನಡೆಯುವುದಿಲ್ಲವೆ? ಹೋಮದ ತುಪ್ಪವನ್ನು ನಾನು ಅಳೆದು ಹಾಕಿದವನಲ್ಲ.”

“ಅಗ್ನಿ ವಾರಂಟಿ ಕೇಳುವುದಿಲ್ಲ ಭಟ್ಟರೇ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟಿ ತೋಟವೆಲ್ಲ ಹೊಗೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೇರೆ. ಅದು ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಮುಂದಿನ ಮಳೆಗಾಲಕ್ಕೆ ಕಾರ್ಬೊರೇಟರಿನಲ್ಲಿ ಅಂಟಾಗಿ ಕುಳಿತಿರುತ್ತದೆ. ನೀವು ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಂಡು ಹುಬ್ಬಳ್ಳಿಗೆ ಫೋನ್ ಮಾಡುತ್ತೀರಿ. ‘ಪೆಟ್ರೋಲು ಹಳೆಯದು’ ಎಂದು ಅವನು ಇಡುತ್ತಾನೆ.”

“ಫೋನೇಕೆ? ನನ್ನ ಲಾರಿ ಅನಮೋಡ ಘಾಟ್ ಹತ್ತಿ ಹುಬ್ಬಳ್ಳಿ ಕಡೆಗೇ ಹೋಗುತ್ತದೆ, ಹಾಕಿ ಕಳಿಸುತ್ತೇನೆ,” ಎಂದರು ಪಾಟೀಲರು. ಕೊರಿಯರಿನವರು ಪೆಟ್ರೋಲು ವಾಸನೆಯ ಪೆಟ್ಟಿಗೆಯನ್ನು ಮುಟ್ಟುವುದಿಲ್ಲವೆಂಬುದು ಅವರ ವ್ಯಾಪಾರಕ್ಕೆ ಅನುಕೂಲವಾದ ಸತ್ಯ. “ಹೋಗುವ ಬಾಡಿಗೆ ನಿಮ್ಮದು. ಬರುವಾಗಿನದು ವಾರಂಟಿಯಲ್ಲಿದೆಯೇ ನೋಡಿ.”

ಇರಲಿಲ್ಲ.

ನಾನು ಕಾನೂನಿನ ಆಸರೆ ಕೊಡಲು ನೋಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅಂಗಡಿ ಹುಬ್ಬಳ್ಳಿಯಲ್ಲಿದ್ದರೂ ಭಟ್ಟರು ಗೋವಾ ಬಿಡಬೇಕಿಲ್ಲ. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಭಟ್ಟರು ಗಂಭೀರವಾಗಿ ಕೇಳಿಸಿಕೊಂಡರು. “ಬಿದ್ದದ್ದು ಹಲಸಿನ ಮರ. ತೀರ್ಪು ಬರುವ ಹೊತ್ತಿಗೆ ಅದು ಗೊಬ್ಬರವಾಗಿ, ಅದರ ಮೇಲೆ ಇನ್ನೊಂದು ಹಲಸು ಹುಟ್ಟಿ, ಫಲ ಬಿಡುತ್ತದೆ.”

“ನಿಂತ ಮರವನ್ನು ಮಾತ್ರ ಮುಟ್ಟಬೇಡಿ. ಅದಕ್ಕೆ ಪರವಾನಗಿ ಬೇಕು,” ಎಂದರು ನಾಯಕರು. ಇಲ್ಲಿನ ಮರ ಸಂರಕ್ಷಣಾ ಕಾಯ್ದೆ 1984ರದು. 2016ರಲ್ಲಿ ಅದರ ‘ಮರ’ ಎಂಬ ವ್ಯಾಖ್ಯೆಯಿಂದ ತೆಂಗನ್ನು ತೆಗೆದು, ಅದು ಕಾಯ್ದೆಯ ಮಟ್ಟಿಗೆ ಮರವೇ ಅಲ್ಲವೆಂದು ಮಾಡಿದರು. ಜನ ಕೂಗಾಡಿದರು, 2017ರಲ್ಲಿ ಅದನ್ನು ಮತ್ತೆ ಮರವನ್ನಾಗಿ ಮಾಡಿ, ರಾಜ್ಯದ ಮರವೆಂಬ ಪಟ್ಟವನ್ನೂ ಕಟ್ಟಿದರು. ರಿಫರ್ಬಿಶ್ ಮಾಡುವುದೆಂದರೆ ಹಾಗಿರಬೇಕು ಎಂದು ನನಗನ್ನಿಸಿತು: ಹೋದದ್ದಕ್ಕಿಂತ ಮೇಲಾಗಿ ಬಂತು.

ಕೊನೆಗೆ ನಾಯಕರೇ ಕೊಳ್ಳುವ ವಿಧಾನ ಹೇಳಿದರು, ಇಡೀ ಸಂಜೆಯಲ್ಲಿ ಉಪಯೋಗಕ್ಕೆ ಬರುವ ಮಾತು ಅದೊಂದೇ. ಬಣ್ಣ ನೋಡಬೇಡಿ. ಸೈಲೆನ್ಸರ್ ಬಿಚ್ಚಿಸಿ, ಆ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಉದ್ದುದ್ದ ಗೀರುಗಳಿದ್ದರೆ ಎದ್ದು ಬನ್ನಿ. ಎಂಜಿನ್ ನಿಧಾನಕ್ಕೆ ಓಡುವಾಗ ಚೈನು ತಿರುಗಬಾರದು. ಬಾರಿನ ತುದಿಯನ್ನು ರಟ್ಟಿನ ಹತ್ತಿರ ಹಿಡಿದು ವೇಗ ಕೊಟ್ಟರೆ ರಟ್ಟಿನ ಮೇಲೆ ಎಣ್ಣೆಯ ಹನಿ ಸಿಡಿಯಬೇಕು, ಇಲ್ಲವಾದರೆ ಆಯಿಲ್ ಪಂಪ್ ಸತ್ತಿದೆ. ಚೈನು ನಿಲ್ಲಿಸುವ ಬ್ರೇಕ್ ಹಿಡಿಯದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬಾರಿನ ತುದಿ ಮರಕ್ಕೆ ತಗುಲಿದರೆ ಯಂತ್ರ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಹಾರುತ್ತದೆ.

“ಚೈನಿನ ಹಲ್ಲು ಮಸೆಯುವುದು?” ಎಂದರು ಭಟ್ಟರು.

“ಅದು ನಿಮ್ಮ ಕೆಲಸವೇ. ಈ ಹಲ್ಲಿನ ರೂಪ ಮರ ಕೊರೆಯುವ ಹುಳದಿಂದ ಬಂದದ್ದು, ಗೊತ್ತೆ? ಅಮೆರಿಕದ ಜೋಸೆಫ್ ಕಾಕ್ಸ್ 1946ರಲ್ಲಿ ಮರದೊಳಗಿನ ಮರಿಹುಳ ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ ಕೊರೆಯುವುದನ್ನು ನೋಡಿ ಈ ಚೈನು ಮಾಡಿದ.”

“ಆ ಹುಳ ನಮ್ಮ ತೋಟದಲ್ಲೇ ಇದೆ. ಪೆಟ್ರೋಲು ಬೇಡ, ಸರ್ವಿಸ್ ಬೇಡ. ಒಂದೇ ದೋಷ, ಬಿದ್ದ ಮರ ಬಿಟ್ಟು ನಿಂತದ್ದನ್ನು ಕೊರೆಯುತ್ತದೆ.”

ಹೀಗೆಂದು ಭಟ್ಟರು ಹುಬ್ಬಳ್ಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ಕೇಳಿದರು.

“ಕಂಪನಿಯವರೇ ಸ್ವಾಮಿ, ಚಿಂತೆ ಬೇಡ.”

“ಯಾವ ಕಂಪನಿ?”

ಆ ಕಡೆ ಸ್ವಲ್ಪ ಹೊತ್ತು ಪೆಟ್ಟಿಗೆ ಸರಿಸುವ ಸದ್ದು. “ನಿಮಗೆ ಯಾವುದು ಬೇಕು ಹೇಳಿ. ಎರಡೂ ಕಂಪನಿಗಳ ಸ್ಟಿಕರ್ ಇದೆ.”

ನಾಯಕರು ನಗುತ್ತಾ ಆರಿದ ಚಹಾ ಚೆಲ್ಲಿಕೊಂಡರು. ಭಟ್ಟರು ಫೋನ್ ಇಟ್ಟು, ಮಾರ್ಕೆಟ್ಟಿನ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವ ಹುಡುಗನ ಬಳಿಯೂ ಒಂದು ಹಳೆಯ ಚೈನ್‌ಸಾ ಇದೆಯಲ್ಲವೇ ಎಂದು ಕೇಳಿದರು. ಇದೆ, ಅವನು ವಾರಂಟಿ ಕೊಡುವುದಿಲ್ಲ, ಆದರೆ ದಿನವೂ ಅಂಗಡಿ ತೆರೆಯುತ್ತಾನೆ ಎಂದರು ನಾಯಕರು. ಬಿಲ್ಲು, ಸೀರಿಯಲ್ ನಂಬರ್, ‘ಮೂರು ತಿಂಗಳು ಕೂಲಿಯಿಲ್ಲದೆ ರಿಪೇರಿ’ ಎಂಬ ಒಂದು ಸಾಲು, ಇಷ್ಟನ್ನು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ ಎಂದೆ ನಾನು.

ಪಾಟೀಲರೊಬ್ಬರೇ ಮುಖ ಸಣ್ಣದು ಮಾಡಿಕೊಂಡಿದ್ದರು. ಮಾರ್ಕೆಟ್ಟಿನ ಹಿಂದಿನಿಂದ ಕುಳಾಗರಕ್ಕೆ ಯಂತ್ರ ಒಯ್ಯಲು ಲಾರಿ ಬೇಕಾಗಬಹುದೇ ಎಂದು ಮೆಲ್ಲಗೆ ವಿಚಾರಿಸಿದರು.