ರಘು ಭಾವ, ಮೊದಲು ಬಾಗಿಲು ತೆಗೆದು ಸ್ಟಿಕರ್ ನೋಡಿ

ರಘು ಭಾವ, ನಮಸ್ಕಾರ. ಕ್ಯಾಂಪರ್ ಎಳೆಯೋಕೆ ಯಾವ ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ ತಗೊಳ್ಳಲಿ ಅಂತ ಗ್ರೂಪಲ್ಲಿ ನೀವು ಹಾಕಿದ ಹನ್ನೆರಡೂ ಫೋಟೋ ನೋಡಿದೆ. ಒಂದು 2018ರ ಫೋರ್ಡ್ ಎಫ್-150 ಪ್ಲಾಟಿನಂ (ದುಬಾರಿ ಮಾಡೆಲ್), 3.5 ಲೀಟರ್ ಈಕೋಬೂಸ್ಟ್ ಅನ್ನೋ ಟರ್ಬೊ ಎಂಜಿನ್, 92 ಸಾವಿರ ಮೈಲಿ ಓಡಿದೆ. ಇನ್ನೊಂದು 2017ರ ಟೊಯೋಟಾ ಟಂಡ್ರ, 5.7 ಲೀಟರ್ ಎಂಜಿನ್, ಒಂದು ಲಕ್ಷದ ಹದಿನೆಂಟು ಸಾವಿರ ಮೈಲಿ. ಎಳೀಬೇಕಾಗಿರೋದು 24 ಅಡಿ ಕ್ಯಾಂಪರ್, ಅಂದ್ರೆ ಒಳಗೇ ಮಲಗೋ ಟ್ರೈಲರ್, ಜಿವಿಡಬ್ಲ್ಯುಆರ್ (ಸಾಮಾನು ತುಂಬಿದ ಮೇಲೆ ಮೀರಬಾರದ ಒಟ್ಟು ತೂಕ) 6,500 ಪೌಂಡ್. ಬೇಸಿಗೆ ರಜಕ್ಕೆ ಡಲ್ಲಾಸಿಂದ ಕೊಲರಾಡೊ. ಚಿಕ್ಕಪ್ಪ "ಕಣ್ಮುಚ್ಕೊಂಡು ಟೊಯೋಟಾ ತಗೋ" ಅಂದ್ರು, ವಿನಯ್ "ಫೋರ್ಡ್ 11,000 ಪೌಂಡ್ ಎಳೆಯುತ್ತೆ, ಇನ್ನೇನ್ ಯೋಚ್ನೆ" ಅಂದ. ಇಬ್ರದ್ದೂ ಅರ್ಧರ್ಧ ಸರಿ. ಸ್ವಲ್ಪ ಉದ್ದ ಆಗುತ್ತೆ, ಆಫೀಸಿಗೆ ಹೋಗ್ತಾ ಕೇಳಿಸ್ಕೊಳ್ಳಿ.

ಹನ್ನೆರಡು ಫೋಟೋದಲ್ಲಿ ಬೇಕಾಗಿದ್ದ ಒಂದೇ ಒಂದು ಫೋಟೋ ಇಲ್ಲ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಟೈರ್ ಗಾಳಿ ಎಷ್ಟು ಅಂತ ಬರೆದಿರೋ ಸ್ಟಿಕರ್ ಇರುತ್ತೆ, ಹಳದಿ ಪಟ್ಟಿ ಇರೋದು. ಅದರಲ್ಲೇ, ಕೂತವರದ್ದೂ ಸಾಮಾನಿಂದೂ ಸೇರಿ ಒಟ್ಟು ತೂಕ ಇಷ್ಟು ಪೌಂಡ್ ಮೀರಬಾರದು ಅಂತ ಇರುತ್ತೆ. ಅದೇ ಪೇಲೋಡ್. ಜಾಹೀರಾತಿನಲ್ಲಿರೋ 11,000 ಆ ಮಾಡೆಲ್ಲಿನ ಲೆಕ್ಕ, ಸ್ಟಿಕರಲ್ಲಿರೋದು ನಿಮ್ಮೆದುರು ನಿಂತಿರೋ ಆ ಒಂದು ಗಾಡಿಯ ಲೆಕ್ಕ. ಬಹಳ ಸಲ ಎಳೆಯೋ ಶಕ್ತಿ ಇನ್ನೂ ಬಾಕಿ ಇರುವಾಗಲೇ ಪೇಲೋಡ್ ಮುಗಿದುಹೋಗಿರುತ್ತೆ.

ಯಾಕೆ ಅಂದ್ರೆ, ಟ್ರೈಲರ್ ಬರೀ ಹಿಂದೆ ಬರಲ್ಲ, ಮೂತಿ ಟ್ರಕ್ ಮೇಲೆ ಊರಿಕೊಂಡು ಬರುತ್ತೆ. ಊರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಮುಂಭಾರ ಹಿಂಭಾರ ನೋಡ್ತಿದ್ರಲ್ಲ, ಅದೇ ವಿಚಾರ. ಹಿಂಭಾರ ಆದ್ರೆ ಮೂಕಿ ಮೇಲೇಳುತ್ತೆ, ಎತ್ತಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತೆ. ಮುಂಭಾರ ಜಾಸ್ತಿ ಆದ್ರೆ ನೊಗ ಹೆಗಲು ಒತ್ತುತ್ತೆ. ಇಲ್ಲಿ ಹಿಂಭಾರ ಆದ್ರೆ 65 ಮೈಲಿ ವೇಗದಲ್ಲಿ ಟ್ರೈಲರ್ ಬಾಲ ಬೀಸೋಕೆ ಶುರು ಮಾಡುತ್ತೆ. ಹಾಗಾಗದೆ ಇರ್ಬೇಕಾದ್ರೆ ಟ್ರೈಲರ್ ತೂಕದ ನೂರಕ್ಕೆ 10ರಿಂದ 15 ಭಾಗ ಹಿಚ್ (ಟ್ರಕ್ಕಿಗೆ ಟ್ರೈಲರ್ ಸಿಕ್ಕಿಸೋ ಕೊಂಡಿ) ಮೇಲೆ ಕೂತಿರಲೇಬೇಕು. ಅಷ್ಟೂ ನಿಮ್ಮ ಪೇಲೋಡಿಂದಲೇ ಕಳೆಯೋದು.

ನಿಮ್ಮದೇ ಲೆಕ್ಕ ಹಾಕೋಣ. ನೀರು, ಗ್ಯಾಸ್, ಪಾತ್ರೆಪಗಡ ತುಂಬಿದ ಮೇಲೆ ಕ್ಯಾಂಪರ್ 6,000 ಅಂತಿಟ್ಕೊಳ್ಳಿ. ಅದರ 13 ಪರ್ಸೆಂಟ್ 780. ಭಾರಾನ ಮುಂದಿನ ಚಕ್ರಕ್ಕೂ ಹಂಚೋ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನದ್ದೇ 90. ನೀವು, ಅಕ್ಕ, ಮಕ್ಕಳಿಬ್ರು ಸೇರಿ 470. ಹಿಂದಿನ ಬೆಡ್ಡಲ್ಲಿ (ಸಾಮಾನು ಹೇರೋ ತೊಟ್ಟಿ) ಜನರೇಟರ್, ಕೂಲರ್, ಸೌದೆ, ಮಕ್ಕಳ ಸೈಕಲ್ 200. ಒಟ್ಟು 1,540. ಟ್ಯಾಂಕ್ ತುಂಬಿದ ಪೆಟ್ರೋಲಿನ ತೂಕ ಸ್ಟಿಕರ್ ಲೆಕ್ಕದಲ್ಲಿ ಮೊದಲೇ ಕಳೆದಿರುತ್ತೆ, ಅದನ್ನ ಸೇರಿಸ್ಬೇಡಿ. ಡ್ರೈವರ್ ತೂಕ ಕಳೆದಿರಲ್ಲ, ಅದನ್ನ ಸೇರಿಸಿ.

ಈಗ ಆ ಪ್ಲಾಟಿನಂ. ಗಾಜಿನ ಛಾವಣಿ, ತಂಪು ಸೀಟು, ತಾನಾಗೇ ಇಳಿಯೋ ಮೆಟ್ಟಿಲು, ಫೋರ್ ವೀಲ್ ಡ್ರೈವ್, ಈ ಒಂದೊಂದೂ ತೂಕ, ಒಂದೊಂದೂ ಪೇಲೋಡಿಗೆ ಕತ್ತರಿ. ಪ್ಲಾಟಿನಂಗಳಲ್ಲಿ ಸ್ಟಿಕರ್ 1,300, 1,400 ಇರೋದು ಮಾಮೂಲು. ಅದೇ ವರ್ಷದ ಸಾದಾ ಎಕ್ಸ್‌ಎಲ್‌ಟಿಯಲ್ಲಿ 1,700 ದಾಟಿರೋದು ಸಿಗುತ್ತೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ಹೊರೋ ಶಕ್ತಿ ಕಮ್ಮಿ. ಅಕ್ಕನಿಗೆ ಬೇಜಾರಾಗ್ಬಹುದು, ಆದ್ರೂ ಹೇಳ್ತೀನಿ, ಆ ಮೆಟ್ಟಿಲು ಬೇಡ. ಟಂಡ್ರದ ದೊಡ್ಡ ಕ್ಯಾಬಿನ್ ಮಾಡೆಲ್ಲುಗಳಲ್ಲೂ ಪೇಲೋಡ್ ಅಷ್ಟೇನೂ ಧಾರಾಳ ಇಲ್ಲ. ಚಿಕ್ಕಪ್ಪ ಕಣ್ಮುಚ್ಕೋ ಅಂದ್ರೂ ಸ್ಟಿಕರ್ ಓದೋವಾಗ ತೆರೀರಿ.

ಎಂಜಿನ್ ವಿಷಯ. 2017ರಿಂದ 2020ರವರೆಗಿನ 3.5 ಈಕೋಬೂಸ್ಟಲ್ಲಿ ಕ್ಯಾಮ್ ಫೇಸರ್ (ವಾಲ್ವ್ ತೆರೆಯೋ ಸಮಯ ಹೊಂದಿಸೋ ಬಿಡಿಭಾಗ) ತೊಂದ್ರೆ ಎಲ್ರಿಗೂ ಗೊತ್ತಿರೋದೇ. ರಾತ್ರಿಯಿಡೀ ನಿಂತ ಗಾಡೀನ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ಎರಡು ಮೂರು ಸೆಕೆಂಡ್, ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅನ್ನುತ್ತೆ, ಆಮೇಲೆ ನಿಂತುಹೋಗುತ್ತೆ. ಎಂಜಿನ್ ಬಿಸಿ ಇದ್ರೆ ಕೇಳಿಸೋದೇ ಇಲ್ಲ. ಮಾರೋರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಹೋದ ತಕ್ಷಣ ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ರೆ "ಇನ್ನೊಂದು ದಿನ ಬರ್ತೀನಿ" ಅಂತ ಹೇಳಿ ಬನ್ನಿ. ಫೇಸರ್ ಬದಲಾಯಿಸಿದ ರಸೀದಿ ಇದ್ರೆ ಅದು ಒಳ್ಳೇ ಗಾಡಿ. ಇಲ್ದೇ ಸದ್ದು ಇದ್ರೆ ಕೆಲವು ಸಾವಿರ ಡಾಲರ್ ಖರ್ಚು ನಿಮ್ಮ ತಲೆ ಮೇಲೆ.

ಅದಕ್ಕೆ ಜೋಡಿಸಿರೋ 10 ಗೇರಿನ ಆಟೋಮ್ಯಾಟಿಕ್ಕನ್ನೂ ಪರೀಕ್ಷೆ ಮಾಡಿ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು 20ರಿಂದ 45 ಮೈಲಿ ನಿಧಾನಕ್ಕೆ ಏರಿಸಿ, ಆಮೇಲೆ ಸಿಗ್ನಲ್ ಹತ್ರ ತಾನಾಗೇ ನಿಧಾನ ಆಗೋಕೆ ಬಿಡಿ. ಮೂರು, ನಾಲ್ಕು, ಐದನೇ ಗೇರಿನ ನಡುವೆ ಹಿಂದಿನಿಂದ ಯಾರೋ ಗುದ್ದಿದ ಹಾಗಾದ್ರೆ ಬಿಟ್ಟುಬಿಡಿ. "ಅದು ಕಲಿತ್ಕೊಳ್ತಾ ಇದೆ ಸರ್" ಅಂತಾರೆ. 92 ಸಾವಿರ ಮೈಲಿ ಆದ್ಮೇಲೂ ಕಲಿತಿಲ್ಲ ಅಂದ್ರೆ ಇನ್ಯಾವಾಗ?

ಟಂಡ್ರ 5.7 ಗಟ್ಟಿ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಎಳೆಯುವಾಗ ಗ್ಯಾಲನ್ನಿಗೆ ಎಂಟೊಂಬತ್ತು ಮೈಲಿ ಕೊಟ್ರೆ ಪುಣ್ಯ. ನೋಡ್ಬೇಕಾದ್ದು ಎಂಜಿನ್ ಮೇಲ್ಭಾಗದ ಕ್ಯಾಮ್ ಟವರ್ ಸಂದಿಯಿಂದ ಎಣ್ಣೆ ಜಿನುಗ್ತಿದ್ಯಾ, ಮತ್ತೆ ಕೆಳಗೆ ಮಲಗಿ ಚಾಸಿ ತುಕ್ಕು. ಟೆಕ್ಸಸ್ ಗಾಡಿಗೆ ತುಕ್ಕು ಕಮ್ಮಿ. ಆದ್ರೆ ಓಹಾಯೊ, ಮಿಶಿಗನ್ ಕಡೆ ಉಪ್ಪು ಹಾಕಿದ ರಸ್ತೇಲಿ ಓಡಿ ಇಲ್ಲಿಗೆ ಬಂದಿರಬಹುದು, ಹಿಸ್ಟರಿ ರಿಪೋರ್ಟಲ್ಲಿ ಊರು ನೋಡಿ. ಇನ್ನು ಷೆವಿ 5.3ರಲ್ಲಿ ಲಿಫ್ಟರ್ (ವಾಲ್ವ್ ಎತ್ತೋ ಬಿಡಿಭಾಗ) ತೊಂದ್ರೆ, ರ‍್ಯಾಮ್ 5.7 ಹೆಮಿಯಲ್ಲಿ ಲಿಫ್ಟರ್ ಜೊತೆಗೆ ಮುರಿದ ಎಕ್ಸಾಸ್ಟ್ ಬೋಲ್ಟಿನ ತಲೆನೋವು. ಅವೆರಡನ್ನ ಈಗ ಬಿಡಿ.

ನನ್ನನ್ನ ಕೇಳಿದ್ರೆ ಈ ಎರಡೂ ಅಲ್ಲದ ಮೂರನೇದು ಹುಡುಕಿ. 2015ರಿಂದ 2017ರ ಎಫ್-150 ಎಕ್ಸ್‌ಎಲ್‌ಟಿ, 5.0 ವಿ8. ಟರ್ಬೊ ಇಲ್ಲ, ಹಳೇ 6 ಗೇರಿನ ಬಾಕ್ಸು, 5.0ಕ್ಕೆ 10 ಗೇರು ಬಂದಿದ್ದು 2018ರಿಂದ. ಒಂದು ಕೊರತೆ ಇದೆ, ಮುಚ್ಚಿಡಲ್ಲ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿ ಎತ್ತರಕ್ಕೆ ಸುಮಾರು 3 ಪರ್ಸೆಂಟ್ ಶಕ್ತಿ ಕಳ್ಕೊಳ್ಳುತ್ತೆ. ಅಮರಿಲೊ ದಾಟಿ ರಟೋನ್ ಪಾಸ್ ಹತ್ತುವಾಗ, ಅಲ್ಲಿ 7,834 ಅಡಿ, ಹತ್ರಹತ್ರ ನಾಲ್ಕರಲ್ಲಿ ಒಂದು ಭಾಗ ಹೋಗಿರುತ್ತೆ. ಬಲಗಡೆ ಲೇನಲ್ಲಿ 45ರಲ್ಲಿ ಹತ್ತುತ್ತೆ, 4,000 ಆರ್‌ಪಿಎಂ ಕೂಗುತ್ತೆ, ಕೂಗಲಿ ಬಿಡಿ. ಈಕೋಬೂಸ್ಟ್ ಅಲ್ಲಿ ಲೀಲಾಜಾಲ. ವರ್ಷಕ್ಕೆ ಒಂದು ಸಲ ಕೊಲರಾಡೊಗೆ ಹೋಗೋರಿಗೆ ನಿಧಾನ ಹತ್ತೋದು ಸಾಕು ಅನ್ನೋದು ನನ್ನ ಲೆಕ್ಕ, ಪ್ರತಿ ತಿಂಗಳು ಹೋಗೋ ಹಾಗಿದ್ರೆ ಮಾತು ಬೇರೆ. ಇಳಿಯುವಾಗ ಯಾವ ಗಾಡಿಯಾದ್ರೂ ಟೋ ಹಾಲ್ ಬಟನ್ ಒತ್ತಿ, ಎಂಜಿನ್ನೇ ಹಿಡಿದುಕೊಳ್ಳಲಿ. ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಅರ್ಧ ದಾರಿಗೆ ಪ್ಯಾಡ್ ವಾಸನೆ ಬರುತ್ತೆ.

ಯಾವುದೇ ತಗೊಂಡ್ರೂ ಫ್ಯಾಕ್ಟರಿ ಟೋ ಪ್ಯಾಕೇಜ್ ಇರ್ಲೇಬೇಕು. ಹಿಂದೆ ಹಿಚ್ ಕಾಣಿಸ್ತು ಅಂತ ನಂಬ್ಬೇಡಿ, ಹೊರಗಡೆ ಹಾಕಿಸಿದ ಹಿಚ್ಚಿನ ಜೊತೆ ಆಯಿಲ್ ಕೂಲರ್ ಬರಲ್ಲ. ಟ್ರೈಲರಿನ ಲೈಟು, ಬ್ರೇಕಿಗೆ ಕರೆಂಟ್ ಕೊಡೋ 7-ಪಿನ್ ಸಾಕೆಟ್ ಇರ್ಬೇಕು, ಮುಚ್ಚಳ ಎತ್ತಿ ಒಳಗೆ ಹಸಿರು ಕಿಲುಬು ಇದ್ಯಾ ನೋಡಿ. ಸ್ಟೀರಿಂಗ್ ಪಕ್ಕ ಟ್ರೈಲರ್ ಬ್ರೇಕ್ ಕಂಟ್ರೋಲರ್ ಇರ್ಬೇಕು; ಟೆಕ್ಸಸಲ್ಲಿ 4,500 ಪೌಂಡ್ ಮೀರಿದ ಟ್ರೈಲರಿಗೆ ಬ್ರೇಕ್ ಕಡ್ಡಾಯ. ಫೋರ್ಡಲ್ಲಿ ಬಾಗಿಲ ಹತ್ರದ ಇನ್ನೊಂದು ಸ್ಟಿಕರ್ ಮೇಲೆ ಆಕ್ಸಲ್ ಕೋಡ್ (ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ) ಎಲ್9 ಅಂದ್ರೆ 3.55, ಎಲ್6 ಅಂದ್ರೆ 3.73, ಎರಡೂ ನಡೆಯುತ್ತೆ. ರಿಸೀವರ್ (ಹಿಚ್ ತೂರಿಸೋ ಚೌಕ ಕೊಳವೆ) ಮೇಲಿನ ಚೀಟೀನೂ ಓದಿ. ಎಫ್-150ಯಲ್ಲಿ ವೆಯ್ಟ್ ಡಿಸ್ಟ್ರಿಬ್ಯೂಷನ್ ಇಲ್ಲದೆ ಬರೀ ಹಿಚ್ ಬಾಲ್ ಮೇಲೆ ಸಾಮಾನ್ಯವಾಗಿ 5,000 ಪೌಂಡ್, ಮುಂಭಾರ 500ಕ್ಕೇ ಮುಗೀತು. ನಿಮ್ಮದು 780, ಹಾಗಾಗಿ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಬೇಕೇ ಬೇಕು.

ಬೆಡ್ಡಿನ ನೆಲದಲ್ಲಿ ಬೋಲ್ಟ್ ತೂತು ಕಂಡ್ರೆ ಫಿಫ್ತ್ ವೀಲ್ (ಬೆಡ್ಡಲ್ಲೇ ಕೂರಿಸೋ ಭಾರೀ ಟ್ರೈಲರಿನ ಕೊಂಡಿ) ಕೂರಿಸಿ ಭಾರೀ ಎಳೆದಿರೋ ಗಾಡಿ ಇರಬಹುದು, ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದ್ರು ಅಂತ ರಸೀದಿ ಸಮೇತ ಕೇಳಿ. ಸೀಟ್ ಬೆಲ್ಟನ್ನ ಕೊನೇವರೆಗೂ ಎಳೀರಿ. ಮಣ್ಣಿನ ಗೆರೆ, ಮುಗ್ಗಲು ವಾಸನೆ ಇದ್ರೆ ನೀರಲ್ಲಿ ಮುಳುಗಿ ಬಂದಿದ್ದು. 2017ರ ಹಾರ್ವಿಯಲ್ಲಿ ಹ್ಯೂಸ್ಟನ್ ಕಡೆ ಮುಳುಗಿದ ಗಾಡಿಗಳಿಗೆ ಲೆಕ್ಕ ಇಲ್ಲ. ಮೂವತ್ತು ಡಾಲರಿನ ಓಬಿಡಿ ಸ್ಕ್ಯಾನರ್ (ಎಂಜಿನ್ ದೋಷ ಓದೋ ಸಾಧನ) ಚುಚ್ಚಿ, ಮಾನಿಟರುಗಳು (ಗಾಡಿ ತನ್ನನ್ನೇ ಮಾಡ್ಕೊಳ್ಳೋ ಪರೀಕ್ಷೆಗಳು) "ನಾಟ್ ರೆಡಿ" ಅಂತ ತೋರಿಸಿದ್ರೆ ಹತ್ತಿದ್ದ ಎಂಜಿನ್ ಲೈಟನ್ನ ಹಿಂದಿನ ದಿನ ಅಳಿಸಿರೋ ಸಾಧ್ಯತೆ ಹೆಚ್ಚು. ಟೈರ್ ಮೇಲಿನ ಡಾಟ್ ನಂಬರಿನ ಕೊನೇ ನಾಲ್ಕಂಕಿ ನೋಡಿ, 2319 ಇದ್ರೆ 2019ರ 23ನೇ ವಾರದ್ದು, ಹೊಸ ಸೆಟ್ಟಿನ ದುಡ್ಡು ಬೆಲೇಲಿ ಇಳಿಸಿ. ವಿನ್ ನಂಬರ್ ಹಾಕಿ ರೀಕಾಲ್ (ಕಂಪನಿ ಪುಕ್ಕಟೆ ಮಾಡಿಕೊಡೋ ರಿಪೇರಿ) ಬಾಕಿ ಇದ್ಯಾ ಅಂತ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ಪುಕ್ಕಟೆ ನೋಡ್ಬಹುದು. ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ಮೇಲೆ ಸಾಲ್ವೇಜ್, ರೀಬಿಲ್ಟ್ (ಭಾರೀ ಹಾನಿಯಾಗಿ ರಿಪೇರಿಯಾದದ್ದು) ಅಂತಿದ್ರೆ ಬೆಲೆ ಎಷ್ಟೇ ಕಮ್ಮಿ ಆಗ್ಲಿ, ಬೇಡ.

ಶನಿವಾರ ಹೋಗೋದಾದ್ರೆ ಶುಕ್ರವಾರ ರಾತ್ರಿನೇ ಮಾರೋರಿಗೆ ಎರಡು ಮೆಸೇಜ್ ಹಾಕಿ. ಒಂದು, ಬಾಗಿಲ ಕಂಬದ ಸ್ಟಿಕರ್ ಫೋಟೋ ಕಳಿಸಿ ಅಂತ. ಇನ್ನೊಂದು, ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ. ಸ್ಟಿಕರಲ್ಲಿ 1,540ಕ್ಕಿಂತ ಕಮ್ಮಿ ಇದ್ರೆ ಪೆಟ್ರೋಲ್ ಸುಟ್ಕೊಂಡು ಅಲ್ಲಿಗೆ ಹೋಗ್ಲೇಬೇಡಿ. ಫೋಟೋ ಬಂದ ತಕ್ಷಣ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.