ಆರು ತಿಂಗಳಾಯಿತು, ಇನ್ನೂ ಜಂಟಿ ವರಸೆ: ಪಿಟೀಲು ಕಲಿತವರು ಸ್ವಲ್ಪ ಹೇಳಿ

ಕೇಳಿದ್ದು:
ನನಗೀಗ 34 ವರ್ಷ. ಆರು ತಿಂಗಳಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದೇನೆ. ಸ್ವರಗಳನ್ನು ಏರಿಸಿ ಇಳಿಸುವ ಮೊದಲ ಪಾಠ ಸರಳೆ ವರಸೆ ಮುಗಿದು, ಈಗ ಒಂದೊಂದು ಸ್ವರವನ್ನೂ ಎರಡೆರಡು ಸಲ ನುಡಿಸುವ ಜಂಟಿ ನಡೆಯುತ್ತಿದೆ. ಆಫೀಸಿನ ಗೆಳತಿ ಆನ್‌ಲೈನ್ ಕೋರ್ಸ್ ಸೇರಿ, ಬೆರಳಿಡುವ ಜಾಗಕ್ಕೆ ಬಣ್ಣದ ಸ್ಟಿಕ್ಕರ್ ಅಂಟಿಸಿಕೊಂಡು, ಎರಡೇ ತಿಂಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದಾಳೆ. ನನಗೆ ದಿನಕ್ಕೆ ಸಿಗುವುದು ಅರ್ಧ ಗಂಟೆ. ನಾನೂ ಅದೇ ದಾರಿ ಹಿಡಿಯಲಾ?

ಮೊದಲ ಉತ್ತರ:
ಅಕ್ಕಾ, ನಾನು ಆ ದಾರಿಯಲ್ಲಿ ಹೋಗಿ ವಾಪಸ್ ಬಂದವಳು. ಒಂದು ವರ್ಷ ಸ್ಟಿಕ್ಕರ್ ನೋಡಿಕೊಂಡೇ ನುಡಿಸಿದೆ. ಹತ್ತು ಹಾಡು ಬರುತ್ತಿತ್ತು. ಒಮ್ಮೆ ಹಬ್ಬಕ್ಕೆ ನೆಂಟರ ಮನೆಗೆ ಹೋದಾಗ ಅತ್ತೆ ದೇವರನಾಮ ಹಾಡಲು ಕೂತರು. ಜೊತೆಗೆ ನುಡಿಸು ಅಂದರು. ಅಲ್ಲಿದ್ದ ಪಿಟೀಲಿನಲ್ಲಿ ಸ್ಟಿಕ್ಕರ್ ಇರಲಿಲ್ಲ. ಮೊದಲ ಸಾಲೇ ಬರಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ಹಾಡು ನನ್ನ ಕಣ್ಣಿನಲ್ಲಿತ್ತು, ಕಿವಿಯಲ್ಲಿ ಇರಲಿಲ್ಲ. ವೀಣೆಗಾದರೆ ಸ್ವರದ ಜಾಗ ತೋರಿಸುವ ಮೆಟ್ಟಿಲಿದೆ. ಪಿಟೀಲಿಗೆ ಏನೂ ಇಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಅದು ಅಪಸ್ವರ ಅಂತ ಹೇಳಬೇಕಾದ್ದು ಕಿವಿ ತಾನೇ?

ಆಮೇಲೆ ಗುರುಗಳ ಹತ್ತಿರ ಸೇರಿ ಸರಳೆಯಿಂದ ಶುರು ಮಾಡಿದೆ. ಅದನ್ನು ಮಾಯಾಮಾಳವಗೌಳ ರಾಗದಲ್ಲೇ ಯಾಕೆ ಕಲಿಸುತ್ತಾರೆ ಅಂತ ಆಗ ತಿಳಿಯಿತು. ಸ ರಿ ಗ ಮ ನುಡಿಸುವಾಗ ಬೆರಳುಗಳ ನಡುವೆ ಎಷ್ಟು ಅಂತರವೋ, ಪ ದ ನಿ ಸ ನುಡಿಸುವಾಗಲೂ ಅಷ್ಟೇ. ನಮ್ಮ ಪಿಟೀಲಿಗೆ ಸ ಪ ಸ ಪ ಅಂತ ಶ್ರುತಿ ಮಾಡುತ್ತಾರಲ್ಲ, ಹಾಗಾಗಿ ಷಡ್ಜದ (ಸ) ತಂತಿಯಲ್ಲಿ ಕೈಗೆ ಕೂತದ್ದು ಪಂಚಮದ (ಪ) ತಂತಿಯಲ್ಲೂ ನಡೆಯುತ್ತದೆ. ಕಷ್ಟವೆಲ್ಲ ರಿಷಭದಿಂದ (ರಿ) ಗಾಂಧಾರಕ್ಕೆ (ಗ) ಬೆರಳು ಚಾಚುವುದರಲ್ಲಿದೆ. ನನಗೆ ಅದೊಂದಕ್ಕೇ ಎರಡು ತಿಂಗಳು ಹಿಡಿಯಿತು.

ಇನ್ನೊಂದು ತೊಂದರೆಯೂ ಇತ್ತು. ಆ ಕೋರ್ಸಿನಲ್ಲಿ ಪಾಶ್ಚಾತ್ಯರ ಹಾಗೆ ನಿಂತು, ಗದ್ದದ ಕೆಳಗೆ ಹಿಡಿಯುವುದನ್ನು ಕಲಿಸಿದ್ದರು. ಪಿಟೀಲು ಬಿದ್ದೀತು ಎಂಬ ಭಯಕ್ಕೆ ನಾನು ಎಡಗೈಯಲ್ಲಿ ಅದರ ಕತ್ತನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ. ನಮ್ಮಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿಕೊಳ್ಳುತ್ತೇವೆ. ಎಡಗೈಗೆ ಭಾರವಿಲ್ಲ, ತಂತಿಯ ಉದ್ದಕ್ಕೂ ಜಾರಬಹುದು. ಸ್ವರವನ್ನು ಜಾರಿಸುವ ಜಾರು, ತೂಗಿಸುವ ಕಂಪಿತ ಎಲ್ಲ ಬರುವುದು ಹಾಗೆ. ತೋಡಿ ರಾಗದ ಗಾಂಧಾರ ಒಂದು ಚುಕ್ಕೆಯ ಮೇಲೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ಅದಕ್ಕೆ ಎಲ್ಲಿ ಸ್ಟಿಕ್ಕರ್ ಅಂಟಿಸುತ್ತೀರಿ? ಕೈ ಬಿಗಿ ಹಿಡಿಯುವ ಆ ಅಭ್ಯಾಸ ಬಿಡಿಸಲು ನನ್ನ ಗುರುಗಳು ಪಟ್ಟ ಪಾಡು ನೆನೆದರೆ ಈಗಲೂ ಬೇಜಾರಾಗುತ್ತದೆ. ನೀವು ಜಂಟಿ ಬಿಡಬೇಡಿ, ದಯವಿಟ್ಟು.

ಎರಡನೆಯ ಉತ್ತರ:
ನಾನು ಬರೀ ಖುಷಿಗೆ ಹಳೇ ಸಿನಿಮಾ ಹಾಡು ನುಡಿಸುವವನು. ಸ್ಟಿಕ್ಕರ್ ಇದೆ, ಸಂತೋಷವೂ ಇದೆ. ನಿಮಗೂ ಅಷ್ಟೇ ಸಾಕಿದ್ದರೆ ತಪ್ಪೇನಿಲ್ಲ. ಆದರೆ ಮುಂದೆ ಕೃತಿ, ರಾಗ ಅಂತ ಆಸೆ ಇದ್ದರೆ ಈ ದಾರಿಯಲ್ಲಿ ಸಿಗುವುದಿಲ್ಲ.

ಮೂರನೆಯ ಉತ್ತರ:
ನಾನು ಮೈಸೂರಿನಲ್ಲಿ ಪಿಟೀಲು ಪಾಠ ಹೇಳುತ್ತೇನೆ. ಚಿಕ್ಕ ಮಕ್ಕಳಿಗೆ ಮೊದಲ ಕೆಲವು ವಾರ ನಾನೂ ಒಂದು ಗುರುತು ಹಾಕಿಕೊಡುತ್ತೇನೆ, ಆಮೇಲೆ ಕಿತ್ತುಬಿಡುತ್ತೇನೆ. ನಿಮ್ಮ ಅರ್ಧ ಗಂಟೆ ಸಾಕು, ಆದರೆ ದಿನಾ ಆಗಬೇಕು. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂತರೆ ಕೈ ನೋಯುತ್ತದೆ ಅಷ್ಟೇ.

ಮೊದಲ ಐದು ನಿಮಿಷ ಶ್ರುತಿಪೆಟ್ಟಿಗೆ ಹಾಕಿಕೊಂಡು ಬೆರಳಿಡದೆ ಉದ್ದ ಕಮಾನು ಎಳೆಯಿರಿ. ಆಮೇಲೆ ಒಂದೇ ಒಂದು ವರಸೆ ತೆಗೆದುಕೊಳ್ಳಿ. ಮೊದಲು ಬಾಯಲ್ಲಿ ಹಾಡಿ, ನಂತರ ನುಡಿಸಿ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನಮ್ಮ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಗಾಯಕರು. ಪಿಟೀಲು ಹಾಡಿನ ಹಿಂದೆ ನಡೆಯುವ ವಾದ್ಯ. ಬಾಯಿಗೆ ಬಾರದ ಸ್ವರ ಬೆರಳಿಗೆ ಬರುವುದು ಕಷ್ಟ. ಮೊದಲ ಕಾಲ, ಅಂದರೆ ನಿಧಾನದ ವೇಗ, ಶುದ್ಧವಾಗುವ ತನಕ ಅದರ ಎರಡರಷ್ಟು ವೇಗದ ಎರಡನೇ ಕಾಲಕ್ಕೆ ಹೋಗಬೇಡಿ. ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಾನು ಒಪ್ಪುವ ಶಾರ್ಟ್‌ಕಟ್ ಇದೊಂದೇ, ತಪ್ಪು ಬೇಗ ಗೊತ್ತಾಗುತ್ತದೆ.

ಆರು ತಿಂಗಳು ಬರೀ ವರಸೆ ಅಂದರೆ ಯಾರಿಗಾದರೂ ಬೇಸರ ಬರುತ್ತದೆ, ಅದು ನಿಮ್ಮ ತಪ್ಪಲ್ಲ. ಅದನ್ನು ಗುರುಗಳಿಗೇ ಹೇಳಿ. ಜಂಟಿಯ ಜೊತೆಗೇ ಮಲಹರಿ ರಾಗದ ಒಂದು ಪಿಳ್ಳಾರಿ ಗೀತೆ (ಆರಂಭದಲ್ಲಿ ಕಲಿಸುವ ಚಿಕ್ಕ ಹಾಡು) ಶುರು ಮಾಡಿಸಿ ಅಂತ ಕೇಳಿ. ಅದೂ ಮಾಯಾಮಾಳವಗೌಳದಲ್ಲಿ ಹುಟ್ಟಿದ ರಾಗವೇ. ನಿಮ್ಮ ಬೆರಳಿಗೆ ಆ ಜಾಗಗಳು ಈಗಾಗಲೇ ಗೊತ್ತಿವೆ.