ಉದ್ದನೆಯ ಜಾಲಪುಟವನ್ನು ಪೂರ್ತಿಯಾಗಿ ಒಂದೇ ಸ್ಕ್ರೀನ್‌ಶಾಟ್‌ನಲ್ಲಿ ಹಿಡಿಯುವುದು ಹೇಗೆ?

ನಾಲೆಯ ಕೊನೆಭಾಗ (ಮದ್ದೂರು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಭಾಗದಲ್ಲಿ ಜಮೀನು ಇರುವ ನಮ್ಮಂಥವರಿಗೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ನೋಡದೆ ನಾಟಿಯ ಯೋಚನೆ ಮಾಡಲಾಗುವುದಿಲ್ಲ. ನಾನು ನೋಡುವ ಜಾಲಪುಟದಲ್ಲಿ ಆಯಾ ದಿನದ ಅಂಕಿಗಳು ಮಾತ್ರ ಇರುತ್ತವೆ. ಮರುದಿನ ಹೊಸ ಅಂಕಿ ಬಂದೊಡನೆ ಹಳೆಯದು ಕಾಣೆಯಾಗುತ್ತದೆ. ಆದ್ದರಿಂದ ದಿನದಿನದ ಪುಟವನ್ನು ಇದ್ದ ಹಾಗೆಯೇ ಉಳಿಸಿಟ್ಟು ನಮ್ಮ ರೈತರ ಸಭೆಗಳಲ್ಲಿ ತೋರಿಸಬೇಕೆಂದಿದ್ದೇನೆ. ಪ್ರಿಂಟ್ ಸ್ಕ್ರೀನ್ ಕೀಲಿ ಒತ್ತಿದರೆ ಪರದೆಯ ಮೇಲೆ ಕಾಣುವಷ್ಟು ಭಾಗ ಮಾತ್ರ ಸಿಗುತ್ತದೆ, ಕೋಷ್ಟಕದ ಕೆಳಗಿನ ಸಾಲುಗಳು ಬಿಟ್ಟುಹೋಗುತ್ತವೆ. ತುಂಡುತುಂಡಾಗಿ ತೆಗೆದು ವರ್ಡ್‌ನಲ್ಲಿ ಅಂಟಿಸಿದರೆ ನೋಡಿದವರು ನಂಬುವಂತಿರುವುದಿಲ್ಲ. ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್, ಬಳಸುವುದು ಕ್ರೋಮ್. ಹಣ ಕೊಟ್ಟು ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಇಡೀ ಪುಟವನ್ನು ಒಂದೇ ಚಿತ್ರವಾಗಿ, ಸಾಧ್ಯವಾದರೆ ದಿನಾಂಕದ ಸಮೇತ, ಪಡೆಯುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಅಕ್ಷರಜೋಡಣೆ (ಸರಸ್ವತಿಪುರಂ, ಮೈಸೂರು) ನೀಡಿದ ಉತ್ತರ

ಪ್ರಿಂಟ್ ಸ್ಕ್ರೀನ್ ಎಂಬುದು ವಿಂಡೋಸ್‌ನ ಸೌಲಭ್ಯ. ಅದಕ್ಕೆ ಗೊತ್ತಿರುವುದು ಆ ಕ್ಷಣ ಪರದೆಯ ಮೇಲಿರುವ ಚಿತ್ರವಷ್ಟೇ; ಕೆಳಗೆ ಇನ್ನೂ ಎಷ್ಟು ಪುಟ ಉಳಿದಿದೆ ಎಂಬುದು ಬ್ರೌಸರ್‌ಗೆ ಮಾತ್ರ ಗೊತ್ತು. ಆದಕಾರಣ ಪೂರ್ತಿ ಪುಟವನ್ನು ಬ್ರೌಸರ್‌ನ ಮೂಲಕವೇ ಪಡೆಯಬೇಕು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಡ್ಜ್ ಬ್ರೌಸರ್ ಇದ್ದೇ ಇರುತ್ತದೆ. ಅದರಲ್ಲಿ ಪುಟವನ್ನು ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬೇಕಾದ ಭಾಗವನ್ನು ಮಾತ್ರ ಆರಿಸಿಕೊಳ್ಳುವ ಅಥವಾ ಪೂರ್ತಿ ಪುಟವನ್ನು ಹಿಡಿಯುವ ಆಯ್ಕೆಗಳು ಬರುತ್ತವೆ. ಫೈರ್‌ಫಾಕ್ಸ್‌ನಲ್ಲೂ ಇದೇ ಕೀಲಿಗಳು ಕೆಲಸ ಮಾಡುತ್ತವೆ. ಕ್ರೋಮನ್ನೇ ಬಳಸಬೇಕೆಂದರೆ ಎಫ್12 ಒತ್ತಿ ಡೆವಲಪರ್ ಟೂಲ್ಸ್ ತೆರೆಯಿರಿ. ಅದು ತೆರೆದಿರುವಾಗಲೇ ಕಂಟ್ರೋಲ್, ಶಿಫ್ಟ್, ಪಿ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಸ್ಕ್ರೀನ್‌ಶಾಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ‘ಕ್ಯಾಪ್ಚರ್ ಫುಲ್ ಸೈಜ್ ಸ್ಕ್ರೀನ್‌ಶಾಟ್’ ಎಂಬ ಸಾಲು ಕಾಣಿಸುತ್ತದೆ. ಅದನ್ನು ಆರಿಸಿದೊಡನೆ ಚಿತ್ರವು ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಕೂರುತ್ತದೆ. ಇಂಥ ಮುಖ್ಯ ಸೌಲಭ್ಯವನ್ನು ಅಷ್ಟು ಒಳಗೆ ಬಚ್ಚಿಟ್ಟಿರುವುದು ಏಕೆಂದು ನನಗಂತೂ ಅರ್ಥವಾಗಿಲ್ಲ.

ಚಿತ್ರ ಹಿಡಿಯುವ ಮೊದಲು ಪುಟವನ್ನು ಒಮ್ಮೆ ಕೊನೆಯವರೆಗೆ ನಿಧಾನವಾಗಿ ಸರಿಸಿ, ಮತ್ತೆ ಮೇಲಕ್ಕೆ ಬನ್ನಿ. ಓದುಗರು ಕೆಳಗಿಳಿದಾಗ ಮಾತ್ರ ಚಿತ್ರಗಳನ್ನೂ ನಕ್ಷೆಗಳನ್ನೂ ತರಿಸಿಕೊಳ್ಳುವಂತೆ ಈಗಿನ ಅನೇಕ ಪುಟಗಳನ್ನು ರೂಪಿಸಿರುತ್ತಾರೆ. ಹಾಗೆ ಸರಿಸದೆ ಹಿಡಿದರೆ ಅಲ್ಲಲ್ಲಿ ಖಾಲಿ ಚೌಕಗಳು ಉಳಿಯಬಹುದು. ಕಡತವನ್ನು ಪಿಎನ್‌ಜಿ ರೂಪದಲ್ಲಿಯೇ ಇಟ್ಟುಕೊಳ್ಳಿ. ಜೆಪೆಗ್ ಮಾಡಿದರೆ ಅಕ್ಷರಗಳ ಅಂಚು ಮಸುಕಾಗುತ್ತದೆ, ಕನ್ನಡದ ಒತ್ತಕ್ಷರಗಳಿಗೆ ಆ ಮಸುಕಿನ ಪೆಟ್ಟು ಇನ್ನೂ ಜೋರು.

ಗಂಗೋತ್ರಿಯ ಓದುಗಿ (ಮೈಸೂರು) ನೀಡಿದ ಉತ್ತರ

ಮೇಲಿನ ಉತ್ತರ ಸರಿಯಾಗಿದೆ. ಆದರೆ ದಿನಾಂಕ ಬೇಕೆಂದು ತಾವು ಕೇಳಿದ್ದೀರಿ. ಪೂರ್ತಿ ಪುಟದ ಚಿತ್ರದಲ್ಲಿ ಪುಟದೊಳಗೆ ಇರುವುದು ಮಾತ್ರ ಬರುತ್ತದೆ, ವಿಳಾಸಪಟ್ಟಿಯಾಗಲಿ ಗಡಿಯಾರವಾಗಲಿ ಬರುವುದಿಲ್ಲ. ಅದಕ್ಕಾಗಿ ಕಂಟ್ರೋಲ್ ಮತ್ತು ಪಿ ಒತ್ತಿ, ಮುದ್ರಕದ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಎಂಬುದನ್ನು ಆರಿಸಿ. ಹೆಚ್ಚಿನ ಆಯ್ಕೆಗಳಲ್ಲಿರುವ ‘ಹೆಡರ್ಸ್ ಆ್ಯಂಡ್ ಫೂಟರ್ಸ್’ಗೆ ಗುರುತು ಹಾಕಿದರೆ ಪುಟದ ಶೀರ್ಷಿಕೆ, ಜಾಲವಿಳಾಸ, ದಿನಾಂಕ ಇವಿಷ್ಟೂ ಹಾಳೆಯ ಅಂಚಿನಲ್ಲಿ ತಾವಾಗಿಯೇ ಮೂಡುತ್ತವೆ. ಕೋಷ್ಟಕದ ಬಣ್ಣಗಳು ಬೇಕಿದ್ದರೆ ‘ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್’ಗೂ ಗುರುತು ಹಾಕಬೇಕು. ಮುದ್ರಣಕ್ಕೆಂದು ಪುಟದ ವಿನ್ಯಾಸ ಬದಲಾಗುವುದುಂಟು ಎಂಬುದೊಂದು ಕೊರತೆ. ಅಂಕಿಗಳನ್ನು ಪಿಡಿಎಫ್‌ನಿಂದ ನಕಲು ಮಾಡಿಕೊಳ್ಳಬಹುದು. ಕನ್ನಡ ಪಠ್ಯವನ್ನು ನಕಲು ಮಾಡಿದರೆ ಮಾತ್ರ ಕೊಂಬು, ಒತ್ತುಗಳು ಅದಲುಬದಲಾಗಿ ಬರುವುದೇ ಹೆಚ್ಚು.

ನಾಲೆಯ ಕೊನೆಭಾಗ (ಮದ್ದೂರು) ಕೊಟ್ಟ ಮರುಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಎಡ್ಜ್‌ನಲ್ಲಿ ಪೂರ್ತಿ ಪುಟ ಬಂದಿತು. ಆದರೆ ಕೋಷ್ಟಕವು ಪುಟದೊಳಗೆ ಬೇರೆಯೇ ಒಂದು ಚೌಕಟ್ಟಿನಲ್ಲಿದ್ದು, ಅದಕ್ಕೆ ಪ್ರತ್ಯೇಕವಾದ ಸ್ಕ್ರಾಲ್ ಪಟ್ಟಿ ಇರುವುದರಿಂದ ಕಬಿನಿಯ ಸಾಲಿನಿಂದ ಕೆಳಗೆ ಏನೂ ಸಿಕ್ಕಿಲ್ಲ.

ಅಕ್ಷರಜೋಡಣೆ (ಸರಸ್ವತಿಪುರಂ, ಮೈಸೂರು) ನೀಡಿದ ಉತ್ತರ

ಫೈರ್‌ಫಾಕ್ಸ್‌ನಲ್ಲಿ ಆ ಕೋಷ್ಟಕದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ನೋಡಿ. ‘ದಿಸ್ ಫ್ರೇಮ್’ ಎಂಬ ಸಾಲು ಬಂದರೆ ಅದು ಪುಟದೊಳಗೆ ಕೂರಿಸಿದ ಇನ್ನೊಂದು ಪುಟವೆಂದು ಅರ್ಥ. ಆ ಸಾಲಿನ ಒಳಗಿನ ಆಯ್ಕೆಗಳಿಂದ ಅದೊಂದನ್ನೇ ಹೊಸ ಟ್ಯಾಬ್‌ನಲ್ಲಿ ತೆರೆದು ಚಿತ್ರ ಹಿಡಿಯಬಹುದು. ಹಾಗೆ ಬರದಿದ್ದರೆ ಬಲಗುಂಡಿಯ ಪಟ್ಟಿಯಲ್ಲೇ ಇರುವ ‘ಇನ್‌ಸ್ಪೆಕ್ಟ್’ ಆರಿಸಿ, ಆ ಚೌಕಟ್ಟಿನ ಎತ್ತರಕ್ಕೆ ಹಾಕಿರುವ ಮಿತಿಯನ್ನು ಹುಡುಕಿ ಅದರ ಮುಂದಿನ ಗುರುತನ್ನು ತೆಗೆದರೆ ಕೋಷ್ಟಕ ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಈ ಬದಲಾವಣೆ ನಿಮ್ಮ ಪರದೆಗೆ ಮಾತ್ರ ಸೀಮಿತ, ಪುಟವನ್ನು ಮತ್ತೆ ಲೋಡ್ ಮಾಡಿದರೆ ಮೊದಲಿನಂತಾಗುತ್ತದೆ.

ಕೋರ್ಟು ರಸ್ತೆ (ಮಂಡ್ಯ) ನೀಡಿದ ಉತ್ತರ

ಸ್ವಾಮಿ, ಮೇಲೆ ಹೇಳಿರುವ ‘ಇನ್‌ಸ್ಪೆಕ್ಟ್’ ಸೌಲಭ್ಯದಿಂದ ಚೌಕಟ್ಟಿನ ಎತ್ತರವನ್ನಷ್ಟೇ ಅಲ್ಲ, ಅಂಕಿಯನ್ನೂ ಬದಲಿಸಬಹುದು. ಕಟ್ಟೆಯಲ್ಲಿ 100 ಅಡಿ ನೀರಿರುವ ದಿನವೇ ಗರಿಷ್ಠ ಮಟ್ಟವಾದ 124.80 ಅಡಿ ಎಂದು ಬರೆದು ಸ್ಕ್ರೀನ್‌ಶಾಟ್ ತೆಗೆದರೆ, ಆ ಚಿತ್ರದಲ್ಲಿ ತಿದ್ದಿದ ಗುರುತು ಕಾಣುವುದಿಲ್ಲ. ಲ್ಯಾಪ್‌ಟಾಪಿನ ಗಡಿಯಾರವನ್ನೂ ಯಾರು ಬೇಕಾದರೂ ಹಿಂದೆಮುಂದೆ ಮಾಡಬಹುದಾದ್ದರಿಂದ ಪಿಡಿಎಫ್ ಅಂಚಿನ ದಿನಾಂಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸಭೆಯಲ್ಲಿ ತೋರಿಸಲು ಇವೆಲ್ಲ ಧಾರಾಳವಾಗಿ ಸಾಕು. ಮುಂದೆ ವಿಷಯ ನ್ಯಾಯಾಲಯದ ಮೆಟ್ಟಿಲೇರುವಂತಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತದಿಂದ ಲೆಕ್ಕಹಾಕಿ ಪಡೆಯುವ, ಕಡತ ಕೊಂಚ ಬದಲಾದರೂ ತಾನೂ ಬದಲಾಗುವ ಗುರುತಿನ ಸಂಕೇತವನ್ನೂ, ನಮೂದಿಸಬೇಕು.

ಆದ್ದರಿಂದ ಎರಡು ಕೆಲಸ ಮಾಡಿ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ‘ಸೇವ್ ಪೇಜ್ ನೌ’ ಎಂಬ ಜಾಗಕ್ಕೆ ಪುಟದ ವಿಳಾಸವನ್ನು ಕೊಟ್ಟರೆ, ಆ ಸಂಸ್ಥೆಯೇ ಪುಟವನ್ನು ತರಿಸಿಕೊಂಡು ದಿನಾಂಕ, ವೇಳೆಗಳ ಸಮೇತ ಉಳಿಸುತ್ತದೆ. ಅಲ್ಲಿ ನಿಮ್ಮ ಕೈವಾಡಕ್ಕೆ ಅವಕಾಶವಿಲ್ಲ. ಪಟ್ಟಿಯಿಂದ ದಿನಾಂಕ ಆರಿಸಿದ ಮೇಲೆ ಅಂಕಿ ತೋರಿಸುವಂಥ ಪುಟಗಳು ಅಲ್ಲಿ ಸರಿಯಾಗಿ ಉಳಿಯದೆ ಇರಬಹುದು, ಉಳಿಸಿದ ನಂತರ ಒಮ್ಮೆ ತೆರೆದು ನೋಡಿಕೊಳ್ಳಿ. ಎರಡನೆಯದಾಗಿ, ಮೂಲ ಪಿಎನ್‌ಜಿ ಕಡತವನ್ನು ಕತ್ತರಿಸದೆ, ಬಣ್ಣ ಬಳಿಯದೆ ಬೇರೆ ಫೋಲ್ಡರಿನಲ್ಲಿಟ್ಟು, ತಿದ್ದುವುದಿದ್ದರೆ ಅದರ ಪ್ರತಿಯಲ್ಲಿ ತಿದ್ದಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಬೇರೆಯೇ ಕಡತವಾಗುತ್ತದೆ, ಹ್ಯಾಶ್ ಹೊಂದುವುದಿಲ್ಲ. ಕಳುಹಿಸುವುದೇ ಆದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿ.